ತೋಟಕ್ಕೆ ಮರಳಿದ ಮಗಳಿಗೆ ದೊಡ್ಡಪ್ಪನ ಪತ್ರ

ಮೂಡಿಗೆರೆ
ಆಶ್ಲೇಷ ಮಳೆಯ ಕೊನೆಯ ಪಾದ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಮನಃಪೂರ್ವಕ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಈ ಶೀತಕ್ಕೆ ನಿನ್ನ ದೊಡ್ಡಮ್ಮನ ಮಂಡಿನೋವು ಸ್ವಲ್ಪ ಹೆಚ್ಚಾಗಿದೆ ಎನ್ನುವುದನ್ನು ಬಿಟ್ಟರೆ ಹೇಳಿಕೊಳ್ಳುವಂಥ ತೊಂದರೆಯೇನೂ ಇಲ್ಲ. ನಿನ್ನ ಪತ್ರ ತಲುಪಿತು. ಫೋನಿನಲ್ಲಿಯೇ ಉತ್ತರಿಸಬಹುದಿತ್ತು, ಆದರೆ ನೀನು ಬರೆದಿರುವ ಸಂಗತಿಗಳು ಎರಡು ನಿಮಿಷದ ಮಾತಿನಲ್ಲಿ ಮುಗಿಯುವಂಥವಲ್ಲ, ಮಳೆಗಾಲದಲ್ಲಿ ಸಕಲೇಶಪುರದ ನಿಮ್ಮ ಮೂಲೆಗೆ ಸಿಗ್ನಲ್ ಕೂಡ ಸರಿಯಾಗಿ ಸಿಗುವುದಿಲ್ಲ. ಆದುದರಿಂದ ಸಾವಧಾನವಾಗಿ ಕುಳಿತು ಬರೆಯುತ್ತಿದ್ದೇನೆ. ನೀನೂ ಸಾವಧಾನವಾಗಿ ಓದು.

ಹಳ್ಳದ ತಾಕಿನ ಅರೇಬಿಕಾ ಕಾಫಿಗೆ ಕೊಳೆರೋಗ ಬಿದ್ದು ಎಲೆಗಳು ಕಪ್ಪಾಗಿ ಅಂಟುನೂಲಿನಲ್ಲಿ ಜೋತಾಡುತ್ತಿರುವುದನ್ನೂ, ಕಾಯಿಯೆಲ್ಲ ಬುಡದಲ್ಲಿ ಹಾಸಿಕೊಂಡಿರುವುದನ್ನೂ ನೀನು ವಿವರವಾಗಿ ಬರೆದಿದ್ದೀಯೆ. ಬೆಂಗಳೂರಿನ ಕೆಲಸ ಬಿಟ್ಟು ಬಂದ ಮೊದಲನೆಯ ವರ್ಷವೇ ಹೀಗಾಯಿತಲ್ಲ, ಅಪ್ಪ ಇದ್ದಿದ್ದರೆ ಆಗುತ್ತಿರಲಿಲ್ಲ, ತೋಟ ನನ್ನ ಕೈಗೆ ಹತ್ತುವುದಿಲ್ಲವೇನೋ ಎಂದೂ ಬರೆದಿದ್ದೀಯೆ. ಇದಕ್ಕೆ ಯಾರೋ ನೆಂಟರು 'ಆಗಿದ್ದೆಲ್ಲ ಒಳ್ಳೆಯದಕ್ಕೇ' ಎಂದು ಸಮಾಧಾನ ಹೇಳಿದರಂತೆ. ಮಗಳೇ, ಆ ಮಾತನ್ನು ನಾನು ನಿನಗೆ ಹೇಳಲಾರೆ. ನನ್ನ ತಮ್ಮ ಅಷ್ಟು ಬೇಗ ಹೋಗಿದ್ದರಲ್ಲಿ ಯಾವ ಒಳಿತೂ ನನಗೆ ಕಂಡಿಲ್ಲ. ಕಾಯಿ ಉದುರಿದ್ದರಲ್ಲಿಯೂ ಒಳಿತನ್ನು ಹುಡುಕಿ ತೆಗೆಯುವ ಅಗತ್ಯವಿಲ್ಲ. ನಷ್ಟವನ್ನು ನಷ್ಟವೆಂದೇ ಒಪ್ಪಿಕೊಂಡು, ಅಳು ಬಂದರೆ ಅತ್ತು, ಅದನ್ನು ಲೆಕ್ಕದ ಪುಸ್ತಕದಲ್ಲಿ ಇದ್ದದ್ದು ಇದ್ದಹಾಗೆ ಬರೆದಿಡುವುದೇ ಮೇಲು. ಸುಳ್ಳು ಸಮಾಧಾನವನ್ನು ನಂಬಿ ಕುಳಿತವರು ಮುಂದಿನ ಮಳೆಗಾಲಕ್ಕೂ ಸಿದ್ಧರಾಗದೆ ಹೋದದ್ದನ್ನು ನಾನು ಈ ಸೀಮೆಯಲ್ಲಿ ಸಾಕಷ್ಟು ನೋಡಿದ್ದೇನೆ.

ನಿನ್ನ ಪತ್ರದ ಕೊನೆಯಲ್ಲಿ, ಅಮ್ಮನ ಔಷಧಿಯ ವಿಷಯಕ್ಕೂ ಸಹಿಗೂ ನಡುವೆ, 'ಮೇಲಿನ ತಾಕು ಮಾತ್ರ ಹೇಗೋ ಉಳಿದಿದೆ' ಎಂಬ ಒಂದೇ ಸಾಲು ಇದೆ. ನನ್ನ ದೃಷ್ಟಿಯಲ್ಲಿ ಇಡೀ ಪತ್ರದಲ್ಲಿ ಅತ್ಯಂತ ಮುಖ್ಯವಾದ ಸಾಲು ಅದು. ನೀನು ಅದನ್ನು ಅದೃಷ್ಟವೆಂಬಂತೆ ಬರೆದು ಮುಂದೆ ಹೋಗಿದ್ದೀಯೆ. ಅದೇ ತೋಟ, ಅದೇ ಮಳೆ, ಅದೇ ತಳಿ, ಅದೇ ಆಳುಗಳ ಕೈ. ಆದರೂ ಮೇಲಿನ ಗಿಡಗಳು ನಿಂತಿವೆ ಎಂದರೆ ಅದಕ್ಕೊಂದು ಕಾರಣ ಇರಲೇಬೇಕು. ಮಳೆ ಹೊಳವಾದ ದಿನ ಕೊಡೆ ಹಿಡಿದುಕೊಂಡು ಅಲ್ಲಿಗೆ ಹೋಗಿ ನಿಂತು ತಲೆಯೆತ್ತಿ ನೋಡು. ಮೇಲೆ ನೆರಳಿನ ಮರಗಳಾದ ಹಾಲವಾಣವೂ ಸಿಲ್ವರ್ ಓಕೂ ಬಿಡುಬಿಡುವಾಗಿವೆ, ಗಾಳಿ ಆಡುತ್ತದೆ, ಗಿಡದ ಒಡಲು ತೆರೆದಿದೆ. ಕೆಳಗೆ ಹಳ್ಳದಲ್ಲಿಯಾದರೋ ನೆರಳು ಮುಚ್ಚಿಕೊಂಡಿದೆ. ಮಂಜು ಕೂತರೆ ಮಧ್ಯಾಹ್ನದವರೆಗೂ ಏಳುವುದಿಲ್ಲ. ನಿನ್ನ ಅಪ್ಪನ ಕಾಯಿಲೆಯ ಗಡಿಬಿಡಿಯಲ್ಲಿ ಅಲ್ಲಿ ನೆರಳಿನ ಮರದ ಕೊಂಬೆ ಸವರುವ ಮರಗಸಿಯೂ ಆಗಲಿಲ್ಲ, ಒಳಚಿಗುರನ್ನು ತೆಗೆದು ಗಿಡದ ನಡುವನ್ನು ಬಿಡಿಸುವ ಕೆಲಸವೂ ಆಗಲಿಲ್ಲ, ಮಳೆಗೆ ಮುಂಚಿನ ಬೋರ್ಡೋ ದ್ರಾವಣದ ಸಿಂಪಡಣೆಯೂ ಆಗಲಿಲ್ಲ. ಕೊಳೆರೋಗದ ಶಿಲೀಂಧ್ರಕ್ಕೆ ಬೇಕಾದದ್ದು ಇಷ್ಟೇ: ಆರದ ತೇವ, ಆಡದ ಗಾಳಿ. ಇದರಲ್ಲಿ ನಿನ್ನ ಹಣೆಬರಹದ ಮಾತು ಎಲ್ಲಿದೆ? ಕೈ ಹತ್ತುವುದು, ಹತ್ತದಿರುವುದು ಎಂಬ ಮಾತಾದರೂ ಎಲ್ಲಿದೆ?

ಸೋಲಿನಿಂದ ಮೇಲೇಳುವ ಬಗೆಯನ್ನು ಕುರಿತು ನನಗೆ ತಿಳಿದಿರುವುದೆಲ್ಲ ಈ ಒಂದು ಅಭ್ಯಾಸದಲ್ಲಿಯೇ ಅಡಗಿದೆ. ಬಿದ್ದದ್ದನ್ನು ನೋಡಿದಷ್ಟೇ ಶ್ರದ್ಧೆಯಿಂದ ನಿಂತದ್ದನ್ನೂ ನೋಡಬೇಕು, ಅದು ಏಕೆ ನಿಂತಿತೆಂದು ಕೇಳಬೇಕು. ನಮ್ಮ ಕಾಫಿಯೇ ಉಳಿದದ್ದು ಹಾಗೆ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಸ್ವಲ್ಪ ಕಾಲದಲ್ಲಿಯೇ ನಮ್ಮ ಬೆಟ್ಟಗಳಿಗೂ ಬಂದಿತು. ಸಿಂಹಳದವರು ಕಾಫಿಯನ್ನು ಬಿಟ್ಟು ಚಹಾಕ್ಕೆ ಹೋದರು. ನಮ್ಮ ಮೈಸೂರು ಸೀಮೆಯ ತೋಟವೊಂದರಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಂಟ್ ಎಂಬ ಪ್ಲಾಂಟರು, ತುಕ್ಕು ಹಿಡಿದ ಗಿಡಗಳ ನಡುವೆ ಆರೋಗ್ಯವಾಗಿ ನಿಂತಿದ್ದ ಗಿಡವನ್ನು ಗುರುತಿಸಿ ಅದರ ಬೀಜದಿಂದ ಸಸಿ ಎಬ್ಬಿಸಿದರು. 'ಕೆಂಟ್ಸ್' ತಳಿ ಬಂದದ್ದು ಹಾಗೆ. ಕೆಲವು ಕಾಲದ ನಂತರ ಆ ತಳಿಯೂ ತುಕ್ಕಿನ ಹೊಸ ಬಗೆಯೊಂದಕ್ಕೆ ಸೋತಿತು. ಅಷ್ಟರಲ್ಲಿ, 1925ರಲ್ಲಿ, ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವನ್ನು ತೆರೆದಿತ್ತು. ಅಲ್ಲಿಯವರು ಸೋತ ಕೆಂಟ್ಸನ್ನೇ ಇನ್ನೊಂದು ಆಯ್ದ ತಳಿಯ ಜೊತೆ ಕೂಡಿಸಿ 1940ರ ದಶಕದಲ್ಲಿ ಎಸ್. 795 ತಳಿಯನ್ನು ಕೊಟ್ಟರು. ನಿಮ್ಮ ತೋಟದಲ್ಲಿ ಎರಡೂ ತಾಕುಗಳಲ್ಲಿರುವುದು ಅದೇ ಗಿಡ. ಅದನ್ನು ಕೊಟ್ಟವರಿಗೆ ಹತಾಶೆ ಬಂದಿರಲಿಲ್ಲವೆಂದು ನಾನು ಹೇಳುವುದಿಲ್ಲ. ಹತಾಶೆ ಬಂದಾಗಲೂ ಅವರು ಸಾಲಿನಿಂದ ಸಾಲಿಗೆ ನಡೆದು ಗಿಡ ನೋಡುವುದನ್ನು ನಿಲ್ಲಿಸಲಿಲ್ಲ.

ಇನ್ನು ಧೈರ್ಯದ ಮಾತು. ಮನಸ್ಸಿಗೆ ಧೈರ್ಯ ಬಂದ ಮೇಲೆ ತೋಟಕ್ಕೆ ಇಳಿಯುತ್ತೇನೆಂದು ಬರೆದಿದ್ದೀಯೆ. ದಯವಿಟ್ಟು ಹಾಗೆ ಕಾಯಬೇಡ. ಧೈರ್ಯವೆಂಬುದು ಕೆಲಸಕ್ಕೆ ಮುಂಚೆ ಬರುವುದು ಬಹಳ ಅಪರೂಪ; ಸಂಜೆ ಮಣ್ಣಿನ ಕಾಲು ತೊಳೆದುಕೊಂಡು ಕೂತಾಗ, ಇವತ್ತು ಇಷ್ಟಾಯಿತು ಎನ್ನಿಸಿದಾಗ, ಅದು ತಾನಾಗಿ ಬರುತ್ತದೆ. ಈಗ ಮಾಡಬೇಕಾದದ್ದು ಸ್ಪಷ್ಟವಾಗಿಯೇ ಇದೆ. ರೋಗ ಹತ್ತಿದ ಎಲೆ, ರೆಂಬೆ, ಕಾಯಿಗಳನ್ನು ತೆಗೆಸಿ ಸುಡಿಸು. ಗಿಡದ ತಲೆಯ ಮೇಲೆ ಬಿದ್ದು ಕೂತಿರುವ ಮರದ ತರಗನ್ನು ಕೊಡವಿಸು. ನೀರು ನಿಂತ ಕಡೆ ಕಾಲುವೆ ಬಿಡಿಸು, ಗಿಡದ ಸಾಲುಗಳ ನಡುವೆ ತೋಡಿರುವ ತೊಟ್ಟಿಲು ಗುಂಡಿಗಳ ಮಣ್ಣು ಎತ್ತಿಸು; ಬೇರಿಗೆ ಉಸಿರಾಡಲು ಆಗದಿದ್ದರೂ ಕಾಯಿ ಉದುರುತ್ತದೆ. ಮಳೆ ನಾಲ್ಕು ದಿನ ಬಿಡುವು ಕೊಟ್ಟರೆ ಮೈಲುತುತ್ತ, ಸುಣ್ಣ ಒಂದೊಂದು ಕಿಲೋಗೆ ನೂರು ಲೀಟರ್ ನೀರಿನ ಲೆಕ್ಕದಲ್ಲಿ ಬೋರ್ಡೋ ಮಾಡಿಸಿ ಹೊಡೆಸು. ಇಷ್ಟು ಮಾಡಿದರೆ ಉದುರಿದ ಕಾಯಿ ಮತ್ತೆ ಗಿಡಕ್ಕೆ ಹತ್ತುವುದಿಲ್ಲ, ನಿಜ. ಆದರೆ ಬರುವ ಮಾರ್ಚ್, ಏಪ್ರಿಲ್ ತಿಂಗಳ ಹೂಮಳೆಗೆ ಹೂವಾಗುವುದು ಈ ಮಳೆಗಾಲದಲ್ಲಿ ಬೆಳೆದ ರೆಂಬೆಯ ಗಂಟುಗಳಲ್ಲಿ. ಎಲೆಯನ್ನೂ ಬೇರನ್ನೂ ಈಗ ಉಳಿಸಿಕೊಂಡೆಯಾದರೆ, ಕಾಯಿಯ ಹೊರೆಯಿಲ್ಲದ ಗಿಡ ತನ್ನ ಕಸುವನ್ನು ಆ ರೆಂಬೆಗೆ ಹಾಕುತ್ತದೆ. ಮುಂದಿನ ವರ್ಷದ ಫಸಲು ನಿನ್ನ ಕಣ್ಣೆದುರಿಗೇ ಈಗ ಬೆಳೆಯುತ್ತಿರುವಾಗ ನೀನು ಒಳಗೆ ಕುಳಿತು ಈ ವರ್ಷದ ಫಸಲಿಗೆ ದುಃಖಪಡುತ್ತಿರುವುದು ನನಗೆ ಸಂಕಟದ ವಿಷಯವಾಗಿದೆ.

ಒಳ್ಳೆಯ ಕಾಲವನ್ನು ಕುರಿತೂ ಒಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಮನಸ್ಸಿನ ಸ್ಥಿಮಿತ ಕೆಡುವುದು ಕೆಟ್ಟ ವರ್ಷದಲ್ಲಿ ಮಾತ್ರವಲ್ಲ. ಹಿಂದೆ ಬೆಳೆಯನ್ನು, ಎಲ್ಲರ ಕಾಫಿಯನ್ನೂ ಒಟ್ಟಿಗೆ ಸೇರಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲಿಗೆ ಕೊಟ್ಟು ಕಂತು ಕಂತಾಗಿ ಹಣ ಪಡೆಯುತ್ತಿದ್ದೆವು. 1990ರ ದಶಕದಲ್ಲಿ ಆ ವ್ಯವಸ್ಥೆ ಹಂತಹಂತವಾಗಿ ಹೋಯಿತು. ಅದೇ ಹೊತ್ತಿಗೆ, 1994ರಲ್ಲಿ, ಬ್ರೆಜಿಲ್ಲಿನಲ್ಲಿ ಹಿಮ ಬಿದ್ದು ಅಲ್ಲಿಯ ತೋಟಗಳು ಸುಟ್ಟುಹೋಗಿ ನಮ್ಮಲ್ಲಿ ಬೆಲೆ ಏರಿತು. ಊರಿನಲ್ಲಿ ಹೊಸ ಜೀಪುಗಳು ಬಂದವು, ಮದುವೆಗಳು ದೊಡ್ಡದಾದವು, ಸಾಲ ಮಾಡಿ ತೋಟ ಕೊಂಡವರೂ ಇದ್ದರು. 2001-02ರ ಹೊತ್ತಿಗೆ ಬೆಲೆ ಎಷ್ಟು ಕುಸಿಯಿತೆಂದರೆ ಕೊಯ್ಲಿನ ಕೂಲಿ ಹುಟ್ಟುವುದೇ ಕಷ್ಟವಾಯಿತು. ಆಗ ಉಳಿದುಕೊಂಡವರು ಧೀರರೆಂದು ಹೆಸರಾದವರೇನಲ್ಲ. ಬೆಲೆ ಇದ್ದಾಗ ತಲೆ ತಿರುಗದೆ, ಮರಕ್ಕೆ ಮೆಣಸು ಹಬ್ಬಿಸಿಕೊಂಡು, ಒಂದು ವರ್ಷದ ಖರ್ಚನ್ನು ಪಕ್ಕಕ್ಕೆ ಇಟ್ಟುಕೊಂಡವರು. ನಿನ್ನ ಅಪ್ಪ ಅಂಥವರಲ್ಲಿ ಒಬ್ಬ. 2024-25ರಲ್ಲಿ ರೋಬಸ್ಟಾ ಕಾಫಿಯ ಬೆಲೆ ಹಿಂದೆಂದೂ ಕಾಣದಷ್ಟು ಎತ್ತರಕ್ಕೆ ಹೋದಾಗಲೂ ಅವನು ಮನೆಗೆ ಒಂದು ಹೊಸ ಕುರ್ಚಿಯನ್ನೂ ತರಲಿಲ್ಲ, ಬ್ಯಾಂಕಿನ ಹಳೆಯ ಸಾಲ ತೀರಿಸಿದ. ಅವನಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುತ್ತೀಯಲ್ಲ. ಅವನಿದ್ದಾಗಲೂ ಕೊಳೆ ಬಂದಿದೆ, ಕಾಂಡಕೊರಕ ಹುಳು ಬಂದು ಅರೇಬಿಕಾ ಗಿಡಗಳನ್ನು ಸಾಲುಸಾಲಾಗಿ ಕಿತ್ತು ಸುಟ್ಟದ್ದೂ ಇದೆ. ಆ ವರ್ಷಗಳಲ್ಲಿ ನೀನು ಹಾಸನದ ಹಾಸ್ಟೆಲಿನಲ್ಲಿ ಓದುತ್ತಿದ್ದೆ. ಮಕ್ಕಳ ಕಿವಿಗೆ ಬೀಳಬಾರದೆಂದು ಅವನು ಹೇಳಿರಲಿಲ್ಲ, ಅಷ್ಟೆ.

ವಾಟ್ಸಾಪಿನಲ್ಲಿ ಪಕ್ಕದ ಎಸ್ಟೇಟಿನವರು ಹಾಕುವ ಫೋಟೋಗಳನ್ನು ನೋಡಿ ಕೊರಗುವುದನ್ನು ಬಿಡು. ಕೊಳೆತ ಗಿಡದ ಫೋಟೋವನ್ನು ಯಾರೂ ಹಾಕುವುದಿಲ್ಲ. ತೋಟದ ಹಿರಿಯ ಆಳುಗಳ ಜೊತೆ ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿಯುತ್ತ ಮಾತಾಡು. ಆ ಹಳ್ಳದ ಗುಣ ನಿನಗಿಂತ ಅವರಿಗೆ ಚೆನ್ನಾಗಿ ಗೊತ್ತು, ಮತ್ತು ಕೇಳಿದವರಿಗೆ ಅವರು ಬಚ್ಚಿಟ್ಟುಕೊಳ್ಳದೆ ಹೇಳುತ್ತಾರೆ. ಬೇಸರವನ್ನು ಮಾತ್ರ ಅವರ ಮೇಲೆ ತೀರಿಸಿಕೊಳ್ಳಬೇಡ. ರಾತ್ರಿ ಹನ್ನೆರಡರವರೆಗೆ ಲೆಕ್ಕದ ಪುಸ್ತಕ ಹಿಡಿದು ಕೂರುತ್ತೀಯೆಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ನಿದ್ದೆಗೆಟ್ಟ ಕಣ್ಣಿಗೆ ಯಾವ ಲೆಕ್ಕವೂ ಲಾಭ ತೋರಿಸುವುದಿಲ್ಲ, ಅದನ್ನು ಬೆಳಗಿನ ಕೆಲಸಕ್ಕೆ ಇಟ್ಟುಕೊ. ಅಮ್ಮನೂ ಗಂಡನನ್ನು ಕಳೆದುಕೊಂಡಿದ್ದಾಳೆ ಎನ್ನುವುದು ನಿನ್ನ ಮನಸ್ಸಿನಲ್ಲಿರಲಿ. ನಿನಗೆ ತೊಂದರೆಯಾಗದಿರಲೆಂದು ಅವಳು ಸುಮ್ಮನಿದ್ದಾಳೆ, ಅವಳಿಗೆ ತೊಂದರೆಯಾಗದಿರಲೆಂದು ನೀನು ಸುಮ್ಮನಿದ್ದೀಯೆ. ಇಬ್ಬರೂ ಒಟ್ಟಿಗೆ ಕುಳಿತು ಅವನ ಮಾತನ್ನು ಆಡಿಕೊಂಡರೆ ಇಬ್ಬರಿಗೂ ಹಗುರವಾಗುತ್ತದೆ.

ತೋಟವನ್ನು ಗೇಣಿಗೆ ಕೊಟ್ಟು ಮತ್ತೆ ಬೆಂಗಳೂರಿಗೆ ಹೋಗಲೇ ಎಂದು ಕೇಳಿದ್ದೀಯೆ. ಹೋಗಬೇಡವೆಂದು ನಾನು ಕಟ್ಟಿಹಾಕುವುದಿಲ್ಲ. ಹಟದಿಂದ ಉಳಿದು ಒಳಗೊಳಗೇ ಬೇಯುವುದಕ್ಕಿಂತ, ಯೋಚಿಸಿ ಹೊರಟು ನೆಮ್ಮದಿಯಾಗಿರುವುದು ನೂರು ಪಾಲು ಮೇಲು. ಹಾಗೆ ಹೋದರೆ ಅದನ್ನು ಸೋಲೆಂದು ನಮ್ಮ ಮನೆಯಲ್ಲಿ ಯಾರೂ ಅನ್ನುವುದಿಲ್ಲ, ಅನ್ನುವವರ ಬಾಯಿ ಮುಚ್ಚಿಸಲು ನಾನಿದ್ದೇನೆ. ನನ್ನ ಕೋರಿಕೆ ಒಂದೇ. ಈ ನಿರ್ಧಾರವನ್ನು ಆಶ್ಲೇಷದ ಜಡಿಮಳೆಯಲ್ಲಿ, ಕರೆಂಟಿಲ್ಲದ ರಾತ್ರಿಯಲ್ಲಿ ತೆಗೆದುಕೊಳ್ಳಬೇಡ. ರೋಬಸ್ಟಾ ಕೊಯ್ಲು ಮುಗಿಯಲಿ, ಮೆಣಸು ಒಣಗಿ ಕಣದಿಂದ ಏಳಲಿ, ಲೆಕ್ಕ ಒಂದು ಕಡೆ ಸೇರಲಿ, ಹೂಮಳೆ ಬಂದು ಹೋಗಲಿ. ಆಮೇಲೆ ನೀನು ಏನು ಹೇಳಿದರೂ ನನಗೆ ಒಪ್ಪಿಗೆ. ಬ್ಯಾಂಕಿನ ಕಂತು ಈ ಸಲ ತಡವಾಗುವಂತಿದ್ದರೆ ನೋಟಿಸು ಬರುವವರೆಗೆ ಕಾಯದೆ ಈಗಲೇ ಹೋಗಿ ಮ್ಯಾನೇಜರಿಗೆ ವಿಷಯ ತಿಳಿಸು. ಮುಂಚಿತವಾಗಿ ಬಂದವರ ಮಾತನ್ನು ಯಾರೂ ತಳ್ಳಿಹಾಕುವುದಿಲ್ಲ.

ಮುಂದಿನ ವಾರ ಮಳೆ ಸ್ವಲ್ಪ ಇಳಿದರೆ ನಾವಿಬ್ಬರೂ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರಕ್ಕೆ ಹೋಗಿಬರೋಣ. ಹಳ್ಳದ ತಾಕಿನಿಂದಲೂ ಮೇಲಿನ ತಾಕಿನಿಂದಲೂ ಎಲೆ, ಕಾಯಿ ಸಮೇತ ಒಂದೊಂದು ರೆಂಬೆಯನ್ನು ಬೇರೆಬೇರೆ ಕಾಗದದಲ್ಲಿ ಸುತ್ತಿ, ಯಾವುದು ಎಲ್ಲಿಯದೆಂದು ಬರೆದು ತಾ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ದಾರಿಯಲ್ಲಿಯೇ ಕೊಳೆತುಹೋಗುತ್ತದೆ. ಎರಡು ತಾಕುಗಳ ಮಣ್ಣನ್ನೂ ಒಂದಷ್ಟು ತಂದರೆ ಪರೀಕ್ಷೆಗೆ ಕೊಡಬಹುದು. ಹಿಂದಿನ ವರ್ಷಗಳ ಮರಗಸಿ, ಸಿಂಪಡಣೆಗಳ ತಾರೀಖುಗಳು ನಿನ್ನ ಅಪ್ಪನ ಡೈರಿಗಳಲ್ಲಿ ಇರುತ್ತವೆ, ಅವನ್ನೂ ತೆಗೆದಿಡು. ಬೆಳಿಗ್ಗೆ ಬೇಗ ಹೊರಟು ಮೂಡಿಗೆರೆಗೆ ಬಾ. ಇಲ್ಲಿ ಕಡುಬು ತಿಂದು ಇಬ್ಬರೂ ಜೀಪಿನಲ್ಲಿ ಹೋಗೋಣ. ಬರುವ ದಿನವನ್ನು ಮೊದಲೇ ತಿಳಿಸು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ