ಬೆಳೆ ಸಲಹೆಗೆ ಔಷಧಿ ಅಂಗಡಿಯೇ ಗತಿಯೇ?

ಮಾನ್ಯ ಸಂಪಾದಕರೇ,

ಚಿಂತಾಮಣಿ ಕಡೆ ಟೊಮೆಟೊ ಎಲೆ ಮುದುರಿದರೆ ರೈತರು ಒಂದು ರೆಂಬೆ ಕಿತ್ತುಕೊಂಡು ನೇರ ಔಷಧಿ ಅಂಗಡಿಗೆ ಹೋಗುತ್ತಾರೆ. ಎರಡು ಬಾಟಲಿ ಹಿಡಿದು ವಾಪಸ್ ಬರುತ್ತಾರೆ. ಎಲೆ ಮುದುರು ವೈರಸ್ ರೋಗ, ಹರಡುವುದು ಬಿಳಿನೊಣ. ರೋಗ ಹಿಡಿದ ಗಿಡಕ್ಕೆ ಮದ್ದಿಲ್ಲ, ಕಿತ್ತು ಹಾಕಬೇಕು, ಸಸಿ ಇದ್ದಾಗಲೇ ಬಲೆ ಕಟ್ಟಬೇಕು. ಇದನ್ನು ಹೇಳಿದರೆ ಅಂಗಡಿಯವರಿಗೆ ವ್ಯಾಪಾರ ಎಲ್ಲಿ ಆಗುತ್ತೆ! ಹೇಳಬೇಕಾದ ರೈತ ಸಂಪರ್ಕ ಕೇಂದ್ರದವರಿಗೆ ಸಬ್ಸಿಡಿ ಬೀಜ, ಆಧಾರ್, ಅರ್ಜಿ ನೋಡುವುದರಲ್ಲೇ ಹೊತ್ತು ಮುಗಿಯುತ್ತದೆ. ಸುಮ್ನೆ ಅವರನ್ನು ಬೈದು ಪ್ರಯೋಜನವಿಲ್ಲ.

ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ನಿಜ. ಒಂದು ಕೇಂದ್ರ ಎಷ್ಟು ಹಳ್ಳಿ ಸುತ್ತೀತು?

ಮನೆ ಕಡೆಯ ಸಲಹೆಯಂತೂ ಕೇಳಲೇಬೇಡಿ. ರಾಗಿ ಮೊಳಕೆ ಕಟ್ಟಿ ಮಾಲ್ಟ್ ಮಾಡುವುದು, ಕೈತೋಟ, ಟೊಮೆಟೊ ರೇಟು ಬಿದ್ದ ವರ್ಷ ಸಾಲ ಮತ್ತು ಖರ್ಚು ತೂಗಿಸುವುದು, ಇದನ್ನೆಲ್ಲ ಹೇಳಿಕೊಡಲು ಗೃಹ ವಿಜ್ಞಾನ ಓದಿದವರಿದ್ದಾರೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಈಗ ಅದು ಸಮುದಾಯ ವಿಜ್ಞಾನ ಪದವಿ. ನಮ್ಮ ಕಡೆ ಪಿಯು ಸೈನ್ಸ್ ಮುಗಿಸಿದ ಎಷ್ಟೋ ಹುಡುಗಿಯರಿಗೆ ಇದು ಗೊತ್ತೇ ಇಲ್ಲ. ಓದಿದರೂ ಹತ್ತಿರದಲ್ಲಿ ಕೆಲಸ ಎಲ್ಲಿದೆ?

ಹೋಬಳಿಗೊಬ್ಬ ಕೃಷಿ ಪದವೀಧರ, ಜೊತೆಗೊಬ್ಬ ಗೃಹ ವಿಜ್ಞಾನ ಪದವೀಧರೆಯನ್ನು ಹೊಲ, ಮನೆ ಸುತ್ತುವುದಕ್ಕೆಂದೇ ಸರ್ಕಾರ ನೇಮಿಸಲಿ. ಬೀಜ ಹಂಚುವ ಕೆಲಸ ಮಾತ್ರ ಇವರ ತಲೆಗೆ ಕಟ್ಟಬಾರದು.

– ಒಬ್ಬ ರೈತ, ಚಿಂತಾಮಣಿ ತಾಲ್ಲೂಕು