ಹುಟ್ಟುಗುಣದ ಅಧ್ಯಾಯ ತೆಗೆದುಹಾಕು

ಪ್ರೀತಿಯ ತಮ್ಮಾ,

ಇಗೊರ್ ಸ್ಟಿಮಾಚ್ ಬಗ್ಗೆ ನೀನು ಬರೆದದ್ದನ್ನು ಪೂರ್ತಿ ಓದಿದೆ. ಜೊತೆಗಿಟ್ಟ ಚೀಟಿಯನ್ನೂ ಓದಿದೆ. 'ಕ್ರೊಯೇಷಿಯಾದ ಫುಟ್‌ಬಾಲ್ ಆಟಗಾರನ ಕತೆ ಕನ್ನಡದಲ್ಲಿ ಯಾರಿಗೆ ಬೇಕು, ಬರೆಯೋದೇ ಬಿಡ್ತೀನಿ' ಅಂದಿದ್ದೀಯ. ಬಿಡುವವನು ಇಷ್ಟು ದಪ್ಪದ ಕಟ್ಟನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸುವುದಿಲ್ಲ. ಕಾಗುಣಿತ, ಪುಟವಿನ್ಯಾಸ, ಮುನ್ನುಡಿ ಯಾರಿಂದ ಬರೆಸಬೇಕು, ಇದನ್ನೆಲ್ಲ ಬೇರೆ ಯಾರನ್ನಾದರೂ ಕೇಳು. ನಾನು ಹೇಳುವುದು ಒಂದೇ ವಿಷಯ. ಸ್ವಲ್ಪ ಸಿಟ್ಟಿನಿಂದಲೇ ಹೇಳುತ್ತೇನೆ.

ನಿನ್ನ ಮೊದಲ ಅಧ್ಯಾಯದ ಹೆಸರು 'ಹುಟ್ಟುಗುಣ ಸುಟ್ಟರೂ ಹೋಗದು'. ಕೆಟ್ಟದ್ದು ಅಲ್ಲೇ.

ಶುರು ಮಾಡಿದ್ದು 1991ರ ಮೇ 8ರಿಂದ. ಬೆಲ್‌ಗ್ರೇಡ್, ಯುಗೊಸ್ಲಾವಿಯಾ ಕಪ್ ಫೈನಲ್, ಸ್ಟಿಮಾಚ್ ಆಡುತ್ತಿದ್ದ ಕ್ರೊಯೇಷಿಯಾದ ಹೈದುಕ್ ಸ್ಪ್ಲಿಟ್‌ಗೆ ಸರ್ಬಿಯಾದ ರೆಡ್ ಸ್ಟಾರ್ ಎದುರಾಳಿ. ದೇಶವೇ ಒಡೆದುಹೋಗುತ್ತಿದ್ದ ದಿನಗಳು. ಸ್ಟಿಮಾಚ್‌ಗೂ ರೆಡ್ ಸ್ಟಾರ್‌ನ ಸಿನಿಶಾ ಮಿಹಾಯ್ಲೊವಿಚ್‌ಗೂ ಜಟಾಪಟಿಯಾಯಿತು, ಇಬ್ಬರಿಗೂ ಕೆಂಪು ಕಾರ್ಡ್ ಬಿತ್ತು. ಅಲ್ಲಿಂದ ಒಂದೇ ನೆಗೆತಕ್ಕೆ ನಮ್ಮ ಕಂಠೀರವ ಸ್ಟೇಡಿಯಂಗೆ ಬಂದುಬಿಟ್ಟಿದ್ದೀಯ. 2023ರ ಜೂನ್ 21, ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಷಿಪ್. ಮಳೆ ಸುರಿಯುತ್ತಿದೆ. ಭಾರತ ಎರಡು ಗೋಲು ಮುಂದಿದೆ, ವಿರಾಮ ಹತ್ತಿರವಾಗಿದೆ. ಪಾಕಿಸ್ತಾನದ ಆಟಗಾರ ಥ್ರೋ ಮಾಡಲು ಚೆಂಡು ಎತ್ತಿದ್ದಾನೆ. ಗೆರೆಯ ಆಚೆ ನಿಂತಿದ್ದ ಭಾರತದ ಕೋಚ್ ಸ್ಟಿಮಾಚ್ ಹಿಂದಿನಿಂದ ಬಂದು ಅವನ ಕೈಯಿಂದ ಅದನ್ನು ತಟ್ಟಿ ಬೀಳಿಸುತ್ತಾರೆ. ತಳ್ಳಾಟ, ಕೂಗಾಟ, ಕೆಂಪು ಕಾರ್ಡ್.

ಇಷ್ಟನ್ನು ಬಹಳ ಚೆನ್ನಾಗಿ ಬರೆದಿದ್ದೀಯ. ಒದ್ದೆ ಕೈಯಿಂದ ಚೆಂಡು ಜಾರಿದ್ದು ನನಗೆ ಕಂಡಿತು. ಅಷ್ಟಕ್ಕೇ ನಿಲ್ಲಿಸಬಾರದಿತ್ತಾ ಮಾರಾಯ! ಮುಂದಿನ ಸಾಲು ನೋಡು: 'ಮೂವತ್ತೆರಡು ವರ್ಷ ಕಳೆದರೂ ಬೆಲ್‌ಗ್ರೇಡಿನ ಆ ಹುಡುಗ ಬದಲಾಗಿರಲಿಲ್ಲ.' ಯಾರು ಹೇಳಿದ್ದು ನಿನಗೆ?

ನನ್ನ ಮೊದಲ ಕಥಾಸಂಕಲನ ಬಂದಾಗ ಒಬ್ಬ ವಿಮರ್ಶಕರು ಹೀಗೇ ಮಾಡಿದರು. ಹೆಸರು ಬೇಡ, ಈಗವರು ಇಲ್ಲ. ಕತೆಗಳನ್ನೆಲ್ಲ ಸೇರಿಸಿ 'ಅಪ್ಪನ ಮೇಲಿನ ಸಿಟ್ಟು' ಎಂದು ಷರಾ ಬರೆದರು. ಅದರಲ್ಲಿ ಅಕ್ಕಿ ಗಿರಣಿಯ ಕತೆಯಿತ್ತು, ಹೊಟ್ಟೆ ಹುಣ್ಣಾಗುವಷ್ಟು ನಗಿಸುವ ಮದುವೆಮನೆಯ ಕತೆಯಿತ್ತು. ಅವಕ್ಕೆ ಒಂದು ಸಾಲೂ ಸಿಗಲಿಲ್ಲ. ಇವತ್ತಿಗೂ ಸಭೆಗಳಲ್ಲಿ ನನ್ನನ್ನು ಪರಿಚಯಿಸುವವರು ಅದೇ ಷರಾ ಓದುತ್ತಾರೆ. ಆ ವಿಮರ್ಶೆಯನ್ನು ನಮ್ಮಪ್ಪ ಓದಿದ್ದರು. ಓದಿ ಏನೂ ಹೇಳಲಿಲ್ಲ. ಆ ವಿಮರ್ಶಕರನ್ನು ನಾನಿನ್ನೂ ಕ್ಷಮಿಸಿಲ್ಲ, ಕ್ಷಮಿಸುವ ಅವಸರವೂ ಇಲ್ಲ.

ಈಗ ನೀನೂ ದಾರಕ್ಕೆ ಸಿಗದ ಹೂವನ್ನೆಲ್ಲ ಬಿಸಾಡಿ ಮಾಲೆ ಕಟ್ಟಿದ್ದೀಯ. ಇಂಗ್ಲೆಂಡಿನ ಡರ್ಬಿ ಕೌಂಟಿ ಕ್ಲಬ್ಬಿನ ನಾಲ್ಕು ವರ್ಷ ನಿನ್ನಲ್ಲಿ ಅರ್ಧ ಪುಟ! ನಾನಾಗಿದ್ದರೆ ಅಲ್ಲೇ ಕೂತುಬಿಡುತ್ತಿದ್ದೆ. 1995ರಲ್ಲಿ ಹೈದುಕ್‌ನಿಂದ ಸುಮಾರು 15 ಲಕ್ಷ ಪೌಂಡ್ ಕೊಟ್ಟು ಕರೆಸಿದ ಡಿಫೆಂಡರ್. ಮೊದಲ ಪಂದ್ಯದಲ್ಲೇ ಟ್ರಾನ್‌ಮಿಯರ್ ಎದುರು ತಂಡ 5–1ರಿಂದ ಸೋತಿತು. ಡರ್ಬಿಯ ಆ ಒಂದು ಗೋಲು ಹೊಡೆದದ್ದು ಗೋಲು ತಡೆಯಲು ಬಂದ ಈ ಮನುಷ್ಯನೇ. ಆ ರಾತ್ರಿ ಡ್ರೆಸಿಂಗ್ ರೂಮಿನಲ್ಲಿ ಮುಂದೇನಾಗುತ್ತದೆ ಎಂದು ಯಾರಿಗಾದರೂ ಗೊತ್ತಿತ್ತಾ? ಅದಾದ ಮೇಲೆ 20 ಪಂದ್ಯ ಸೋಲೇ ಇಲ್ಲ. 1996ರಲ್ಲಿ ಡರ್ಬಿ ಪ್ರೀಮಿಯರ್ ಲೀಗ್‌ಗೆ ಏರಿತು. ಇದರಲ್ಲಿ ಸಿಟ್ಟಿಲ್ಲ, ಹುಟ್ಟುಗುಣವೂ ಕಾಣುವುದಿಲ್ಲ. ಅದಕ್ಕೇ ನಿನಗೆ ಬೇಡವಾಯಿತು, ಅಲ್ವಾ? 1998ರ ವಿಶ್ವಕಪ್‌ನ ಮೂರನೇ ಸ್ಥಾನದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನೀನೂ ಬರೆದಿದ್ದೀಯ, ಇರಲಿ.

ಆದರೆ 2013ನ್ನು ಬಿಟ್ಟದ್ದು ಸರಿಯಲ್ಲ. ಸ್ಲಾವೆನ್ ಬಿಲಿಚ್ ನಂತರ ಕ್ರೊಯೇಷಿಯಾದ ಕೋಚ್ ಆದದ್ದು ಸ್ಟಿಮಾಚ್. ಮಾರ್ಚ್ 22ರಂದು ಜಾಗ್ರೆಬ್‌ನಲ್ಲಿ ಸರ್ಬಿಯಾ ಜೊತೆ ವಿಶ್ವಕಪ್ ಅರ್ಹತಾ ಪಂದ್ಯ. ಸರ್ಬಿಯಾದ ಕೋಚ್ ಯಾರು? ಅದೇ ಮಿಹಾಯ್ಲೊವಿಚ್. ಎದುರು ತಂಡದ ಬೆಂಬಲಿಗರಿಗೆ ಸ್ಟೇಡಿಯಂ ಒಳಗೆ ಪ್ರವೇಶವೇ ಇರಲಿಲ್ಲ, ಪರಿಸ್ಥಿತಿ ಅಷ್ಟು ಬಿಗಿ. ಅಂಥ ಹೊತ್ತಲ್ಲಿ ಇಬ್ಬರೂ ಕೈಕುಲುಕಿದರು. ಕ್ರೊಯೇಷಿಯಾ 2–0ರಿಂದ ಗೆದ್ದಿತು. ಈ ಕೈಕುಲುಕು ಇಟ್ಟರೆ ನಿನ್ನ ಗಾದೆ ಬಿದ್ದುಹೋಗುತ್ತದೆ. ಬೀಳಲಿ ಬಿಡು. ಕ್ಷಮಿಸಿದರಾ, ದಣಿದಿದ್ದರಾ, ಕ್ಯಾಮೆರಾಕ್ಕೆ ಮಾಡಿದರಾ, ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೈಕುಲುಕಿದ್ದನ್ನು ಬರೆ, ಒಳಗಿದ್ದದ್ದನ್ನು ಊಹಿಸಬೇಡ.

ಕಂಠೀರವದಲ್ಲೂ ಕತೆ ಅರ್ಧಕ್ಕೇ ನಿಂತಿದೆ. ಕುವೈತ್ ಜೊತೆ 1–1 ಆದ ಪಂದ್ಯದಲ್ಲಿ ಸ್ಟಿಮಾಚ್‌ಗೆ ಇನ್ನೊಂದು ಕೆಂಪು ಕಾರ್ಡ್ ಸಿಕ್ಕಿತು. ಸೆಮಿಫೈನಲ್‌ಗೂ ಜುಲೈ 4ರ ಫೈನಲ್‌ಗೂ ಬೆಂಚಿನ ಹತ್ತಿರ ಅವರಿರಲಿಲ್ಲ. ಅಲ್ಲಿ ನಿಂತದ್ದು ಸಹಾಯಕ ಮಹೇಶ್ ಗವಳಿ, ಅವರೂ ಹಳೆಯ ಡಿಫೆಂಡರ್. ಎರಡೂ ಪಂದ್ಯ ಪೆನಾಲ್ಟಿಯಲ್ಲಿ ತೀರ್ಮಾನವಾಗಿ ಕಪ್ ಭಾರತಕ್ಕೆ ಬಂತು. ನಿನ್ನ ಪುಸ್ತಕದಲ್ಲಿ ಗವಳಿಯವರ ಹೆಸರೇ ಇಲ್ಲ. ಒಬ್ಬನ ಗುಣವನ್ನೇ ಬೆನ್ನಟ್ಟಿ ಹೋದವನಿಗೆ ಪಕ್ಕದಲ್ಲಿ ನಿಂತವನು ಕಾಣುವುದಿಲ್ಲ.

ಕೊನೆಯ ಅಧ್ಯಾಯದ ಬಗ್ಗೆ ಜಾಸ್ತಿ ಬೈಯುವುದಿಲ್ಲ. 2024ರ ಜನವರಿಯ ಏಷ್ಯನ್ ಕಪ್‌ನಲ್ಲಿ ಮೂರಕ್ಕೆ ಮೂರೂ ಸೋಲು, ಒಂದೂ ಗೋಲಿಲ್ಲ ಎಂಬುದನ್ನು ನೀನು ಮುಚ್ಚಿಟ್ಟಿಲ್ಲ, ಸಂತೋಷ. ಆದರೆ ಅಲ್ಲಿಂದ ಕೆಲಸ ಹೋಗುವುದು ಖಚಿತವೇ ಆಗಿತ್ತು ಎನ್ನುವ ಧಾಟಿ ಬೇಡ. ಜೂನ್ 11ರಂದು ದೋಹಾದಲ್ಲಿ ಕತಾರ್ ಎದುರು ಭಾರತ 1–0 ಮುಂದಿತ್ತು. ಗೆದ್ದಿದ್ದರೆ ವಿಶ್ವಕಪ್ ಅರ್ಹತಾ ಟೂರ್ನಿಯ ಮೂರನೇ ಸುತ್ತು ಸಿಗುತ್ತಿತ್ತು. ಚೆಂಡು ಗೆರೆ ದಾಟಿ ಹೊರಗೆ ಹೋಗಿತ್ತು. ಕತಾರ್ ಆಟಗಾರ ಅದನ್ನು ಕಾಲಲ್ಲಿ ಒಳಗೆಳೆದ, ಇನ್ನೊಬ್ಬ ಗೋಲಿಗೆ ಹೊಡೆದ, ರೆಫ್ರಿ ಗೋಲು ಕೊಟ್ಟರು. ಪಂದ್ಯ 2–1ಕ್ಕೆ ಹೋಯಿತು, ಜೂನ್ 17ಕ್ಕೆ ಕೋಚ್ ಕೆಲಸವೂ ಹೋಯಿತು. ಇದನ್ನು ಬರೆಯುವಾಗ ನೀನು 1–0 ಇದ್ದ ಹೊತ್ತಿನಲ್ಲಿ ನಿಂತು ಬರೆ, ಜೂನ್ 18ರ ಪತ್ರಿಕೆ ಹಿಡಿದುಕೊಂಡು ಬರೆಯಬೇಡ.

ಡರ್ಬಿ ಅಧ್ಯಾಯ ಮೊದಲು ಬರೆದು ಕಳಿಸು. ಗಾದೆಯ ಅಧ್ಯಾಯವನ್ನು ನಾನೇ ಕಟ್ಟಿನಿಂದ ತೆಗೆದಿಟ್ಟುಕೊಂಡಿದ್ದೇನೆ, ವಾಪಸ್ ಕೇಳಬೇಡ. ಪ್ರಿಂಟ್ ತೆಗೆಸುವಾಗ ಅಕ್ಷರ ಸ್ವಲ್ಪ ದೊಡ್ಡದು ಮಾಡಿಸು, ಈ ಸಲ ಓದುವಷ್ಟರಲ್ಲಿ ಕಣ್ಣು ಉರಿದುಹೋಯಿತು. ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ಅಣ್ಣ