ದೇವರ ಎತ್ತುಗಳಿಗೆ ಮೇವು ಕೊಡಿಸಿ: ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯ ಮ್ಯಾಸನಾಯಕ ಸಮುದಾಯದ ಹಟ್ಟಿಯಿಂದ ಬರೆಯುತ್ತಿದ್ದೇನೆ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ, ಅದಕ್ಕೇ ಎಲ್ಲರ ಎದುರು ಕೇಳುತ್ತಿದ್ದೇನೆ. ಬೇಸಿಗೆಗೆ ಮುಂಚೆಯೇ ನಮ್ಮ ದೇವರ ಎತ್ತುಗಳಿಗೆ ಮೇವು ಕೊಡಿಸಿ.

ದೇವರಿಗೆ ಬಿಟ್ಟ ಈ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಸತ್ತರೆ ಮನೆಯ ಹಿರಿಯರ ಹಾಗೆ ಮಣ್ಣು ಮಾಡುತ್ತೇವೆ. ಇದೆಲ್ಲ ನಿಮಗೆ ಗೊತ್ತಿರುವುದೇ ಅಲ್ವಾ? ಓಟು ಕೇಳಲು ಬಂದಾಗ ಇವಕ್ಕೇ ಕೈಮುಗಿದು ಹೋಗಿದ್ದಿರಿ.

2024ರ ಬೇಸಿಗೆ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಸರ್ಕಾರವೇ ಬರ ಅಂತ ಘೋಷಿಸಿತ್ತು. ನನ್ನ ದೊಡ್ಡಪ್ಪ ಕಿಲಾರಿ, ಅಂದರೆ ದೇವರ ಎತ್ತು ಕಾಯುವವರು, ಹಗಲೂ ರಾತ್ರಿ ಅವುಗಳ ಜೊತೆಗೇ ಇರುವವರು. ಮೇವು ಕೇಳಲು ಅವರನ್ನು ಒಂದು ಕಚೇರಿಗೆ ಕರೆದುಕೊಂಡು ಹೋದೆ. ಎತ್ತಿನ ಕಿವಿಯೋಲೆ ನಂಬರು, ಮಾಲೀಕರ ಆಧಾರ್ ಕಾರ್ಡು ತನ್ನಿ ಅಂದರು. 'ಮಾಲೀಕ ದೇವರು ಸಾಮಿ' ಅಂದರು ದೊಡ್ಡಪ್ಪ. 'ಹಾಗಾದ್ರೆ ದೇವರದ್ದೇ ಆಧಾರ್ ತಗೊಂಡು ಬಾ' ಅಂದ ಗುಮಾಸ್ತ. ಸುತ್ತ ಇದ್ದವರೆಲ್ಲ ನಕ್ಕರು. ದೊಡ್ಡಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಂಡುತ್ತಾ ನಿಂತರು. ಊರು ಸೇರುವ ತನಕ ಒಂದು ಮಾತಾಡಲಿಲ್ಲ.

ಅದೇ ವಾರ ಮುದಿ ಎತ್ತೊಂದು ಮಲಗಿದ್ದು ಮೇಲೇಳಲಿಲ್ಲ. ದೊಡ್ಡಪ್ಪ ಶೇಂಗಾ ಹೊಟ್ಟನ್ನು ನೀರಲ್ಲಿ ನೆನೆಸಿ ಅದರ ಬಾಯಿಗಿಟ್ಟರು. ಅಗಿಯಲೂ ಶಕ್ತಿ ಇರಲಿಲ್ಲ, ಬಾಯಿಂದ ಜಾರಿ ಬಿತ್ತು.

ಉಳಿದವನ್ನು ಉಳಿಸಿದ್ದು ಹಟ್ಟಿಯ ಯಜಮಾನರು. ಮನೆಗೊಂದು ಹೊರೆ ಹೊಟ್ಟು ಅಂತ ಕಟ್ಟಳೆ ಮಾಡಿದರು. ಶೇಂಗಾ ಕೈಗೆ ಹತ್ತದ ಮನೆಗಳೂ ಕೊಟ್ಟವು. ದೊಡ್ಡಪ್ಪ ಎರಡು ಕುರಿ ಮಾರಿದರು. ಎಷ್ಟು ವರ್ಷ ಹೀಗೆ ನಡೆಸೋದು ಹೇಳಿ.

ಮುಂಚೆ ದನ ಮೇಯಲು ಅಮೃತ ಮಹಲ್ ಕಾವಲು ಅನ್ನೋ ಹುಲ್ಲುಗಾವಲು ಇತ್ತು. ಒಂದು ಮಳೆ ಬಿದ್ದರೆ ಹುಲ್ಲು ಬರುತ್ತಿತ್ತು. ಅದರಲ್ಲಿ ಸುಮಾರು 10,000 ಎಕರೆ ರಕ್ಷಣೆ, ವಿಜ್ಞಾನದ ದೊಡ್ಡ ದೊಡ್ಡ ಸಂಸ್ಥೆಗಳ ಪಾಲಾಯಿತು, ಗೋಡೆ ಎದ್ದಿತು. ದೇಶದ ಕೆಲಸ, ಆಗಲಿ. ಹುಲ್ಲು ಹೋದ ಮೇಲೆ ಮೇವಾದರೂ ಕೊಡಬೇಕಲ್ವಾ?

ಬರದಲ್ಲಿ ಜಾನುವಾರು ಮೇವಿಗೆ ದುಡ್ಡು ಇಡುವ ನಿಯಮ ನನಗಿಂತ ನಿಮಗೇ ಜಾಸ್ತಿ ಗೊತ್ತು. ಹಟ್ಟಿ ಹತ್ತಿರವೇ ಮೇವು ಬ್ಯಾಂಕ್ ತೆರೆಸಿ. ಆಧಾರ್ ಬದಲು ಕಿಲಾರಿಯ ಹೆಸರು, ಗ್ರಾಮ ಪಂಚಾಯಿತಿಯ ಒಂದು ಪತ್ರ ಸಾಕು ಅಂತ ಆದೇಶ ಮಾಡಿಸಿ. ಸಂಕ್ರಾಂತಿ ಒಳಗೆ ಮೊದಲ ಲೋಡ್ ಬರಲಿ. ಮತ್ತೆ ಹೇಳುತ್ತೇನೆ, ಮೇವು ಕೊಡಿಸಿ. ದೊಡ್ಡಪ್ಪನನ್ನು ಇನ್ನೊಮ್ಮೆ ಆ ಕಚೇರಿಗೆ ಕರೆದುಕೊಂಡು ಹೋಗಲು ನನ್ನ ಕೈಲಿ ಆಗಲ್ಲ.

ಇಂತಿ,
ಹಟ್ಟಿಯ ಒಬ್ಬ ಶೇಂಗಾ ರೈತ